ಅತ್ತೆ ಕೈ ಅಡ್ಡ ಹಿಡಿದ ರಸ್ತೆ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಸ್ಟೀಲಿನ ಲೋಟಗಳನ್ನು ಒಂದರ ಮೇಲೊಂದು ಕವುಚಿ ಇಡುವುದು ನನ್ನ ಅಭ್ಯಾಸ. ಖಾರಘರದ ಗುಡ್ಡದ ಮೇಲೆ ನೀರಿನ ಜಲಾಶಯ ಕಟ್ಟುತ್ತಿದ್ದ ಕಾಲದಲ್ಲಿ ರಸ್ತೆಯ ಸುದ್ದಿಯನ್ನೆಲ್ಲ ನನಗೆ ಆ ಲೋಟಗಳೇ ಹೇಳುತ್ತಿದ್ದವು. ಖಾಲಿ ಡಂಪರ್ ಹೋದರೆ ಅವು ಟಣಟಣ ಎನ್ನುತ್ತಿದ್ದವು. ಕಲ್ಲು ತುಂಬಿದ ಡಂಪರ್ ಇಳಿದು ಬಂದರೆ ಸದ್ದೇ ಇಲ್ಲ. ಎಲ್ಲ ಒಟ್ಟಿಗೆ ಸಣ್ಣಗೆ ನಡುಗುತ್ತಿದ್ದವು, ಚಳಿ ಹಿಡಿದವರ ಹಾಗೆ. ಆ ನಡುಕ ಬಂದಾಗ ನಾನು ಒಗ್ಗರಣೆ ಸೌಟನ್ನು ಹಾಗೇ ಹಿಡಿದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಅಷ್ಟು ದೊಡ್ಡ ವಸ್ತುವೊಂದು ನಮ್ಮ ಗೇಟಿನ ಮುಂದೆ ಹಾದು ಹೋಗುವುದನ್ನು ದಿನಾ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ.

ನಾವು ಡೊಂಬಿವಲಿಯ ಚಾಳಿನಂಥ ಹಳೇ ಕಟ್ಟಡ ಬಿಟ್ಟು ಇಲ್ಲಿಗೆ ಬಂದದ್ದು ಮಗಳು ಇನ್ನೂ ಸಣ್ಣವಳಿರುವಾಗ. ಆಗ ಖಾರಘರದಲ್ಲಿ ಕಟ್ಟಡಗಳಿಗಿಂತ ಹುಲ್ಲು ಹೆಚ್ಚಿತ್ತು. ಮನೆ ದೊಡ್ಡದು, ಗಾಳಿ ಒಳ್ಳೆಯದು, ನೀರು ಮಾತ್ರ ನಂಬುವ ಹಾಗಿರಲಿಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ಬಂದು ನಿಂತುಬಿಡುತ್ತಿತ್ತು. ಬೇಸಗೆಯಲ್ಲಿ ಟ್ಯಾಂಕರ್ ದಾರಿ ಕಾಯಬೇಕು. ಹಾಗಾಗಿ ಗುಡ್ಡದ ನೆತ್ತಿಯನ್ನು ಸಮ ಮಾಡಿ ಅಲ್ಲಿ ಊರಿಗೆಲ್ಲ ಸಾಕಾಗುವ ನೀರು ನಿಲ್ಲಿಸುತ್ತಾರೆ ಎಂದು ತಿಳಿದಾಗ ಸೊಸೈಟಿಯ ಹೆಂಗಸರೆಲ್ಲ ಸಂತೋಷಪಟ್ಟೆವು. ಆ ಗುಡ್ಡಕ್ಕೆ ಹೋಗಲು ಇರುವುದು ನಮ್ಮ ಗೇಟಿನ ಎದುರಿನ ಏರು ರಸ್ತೆ ಒಂದೇ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಆ ರಸ್ತೆಯ ಆಚೆ ಬದಿಯ ಕಟ್ಟಡದಲ್ಲಿ ನನ್ನ ಅತ್ತೆಯ ಅಕ್ಕ ಇದ್ದರು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಅವರ ಮಗನದು ಕಾಮೋಠೆಯಲ್ಲಿ ಹೋಟೆಲು. ಅಕ್ಕ ತಂಗಿ ಉಡುಪಿ ಹತ್ತಿರದ ಒಂದೇ ಮನೆಯಲ್ಲಿ ಹುಟ್ಟಿ, ಬೇರೆ ಬೇರೆ ಕಡೆ ಮದುವೆಯಾಗಿ, ವಯಸ್ಸಾದ ಮೇಲೆ ಇಬ್ಬರೂ ಒಂದೇ ರಸ್ತೆಯ ಎರಡು ಬದಿಗೆ ಬಂದು ಸೇರಿದ್ದರು. ದೊಡ್ಡತ್ತೆಗೆ ಮೊಣಕಾಲು ಹೋಗಿತ್ತು. ಲಿಫ್ಟ್ ಇದ್ದರೂ ಕೆಳಗೆ ಇಳಿಯುತ್ತಿರಲಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಗಂಜಿ ಊಟ ಮುಗಿಸಿ ನನ್ನ ಅತ್ತೆಯೇ ಹೊರಡುವರು. ಕೈಯಲ್ಲಿ ಸೊಪ್ಪಿನ ಕಟ್ಟೋ ಅಲಸಂಡೆಯೋ ಇರುತ್ತಿತ್ತು. ಅಲ್ಲಿ ಕೂತು ಇಬ್ಬರೂ ಸೇರಿ ಸೋಸಿ, ಹೆಚ್ಚಿ, ಅರ್ಧ ಅಲ್ಲಿಟ್ಟು ಅರ್ಧ ನನಗೆ ತರುತ್ತಿದ್ದರು. ಪತ್ರೊಡೆಗೆ ಹುಳಿ ಎಷ್ಟು ಎಂಬ ಒಂದೇ ವಿಷಯದ ಮೇಲೆ ಅವರ ಜಗಳ ವರ್ಷಗಟ್ಟಲೆ ನಡೆದಿತ್ತು. ಮನೆಯಲ್ಲಿ ನಾವು ತುಳು ಆಡುವವರು. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದರ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಅದೇ.

ಕೆಲಸ ಶುರುವಾದದ್ದು ಕಲ್ಲು ಒಡೆಯುವ ಸದ್ದಿನಿಂದ. ಆಮೇಲೆ ಧೂಳು. ಬಟ್ಟೆ ಒಣಗಿಸಿದರೆ ಬಿಳಿ ಪಂಚೆ ಕಾವಿಯಾಗಿ ಒಳಗೆ ಬರುತ್ತಿತ್ತು. ಧೂಳು ಕೂರಿಸಲು ನೀರಿನ ಟ್ಯಾಂಕರ್ ಬಂದು ರಸ್ತೆಗೆ ಚಿಮುಕಿಸಿ ಹೋಗುವುದು, ಅದರಿಂದ ಕೆಸರಾಗಿ ಸ್ಕೂಟರಿನವರು ಜಾರುವುದು. ಪೇಪರ್ ಹಾಕುವವನು ಹಾಗೇ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಶಾಲೆಯ ಬಸ್ಸು ಗೇಟಿನ ಮುಂದೆ ನಿಲ್ಲುವುದನ್ನು ಬಿಟ್ಟು ಕೆಳಗಿನ ಸರ್ಕಲ್‌ನಲ್ಲಿ ನಿಲ್ಲತೊಡಗಿತು. ಮಳೆಗಾಲ ಮುಗಿದ ಮೇಲೆ ದೊಡ್ಡ ಪೈಪುಗಳು ಬಂದವು. ಉದ್ದನೆಯ ಟ್ರೇಲರ್‌ಗಳಲ್ಲಿ ಒಂದೊಂದಾಗಿ ತಂದು, ಕ್ರೇನಿನಲ್ಲಿ ಎತ್ತಿ, ರಸ್ತೆಯ ಎರಡೂ ಬದಿಗೆ ಸಾಲಾಗಿ ಮಲಗಿಸಿದರು. ನಾನು ಒಂದರೊಳಗೆ ತಲೆ ಬಗ್ಗಿಸದೆ ನಿಂತು ನೋಡಿದ್ದೇನೆ. ಆ ತುದಿಯಲ್ಲಿ ಆಕಾಶ ಒಂದು ದೋಸೆಯಷ್ಟು ಕಾಣುತ್ತಿತ್ತು. ಇದರ ತುಂಬ ನೀರು ಓಡುತ್ತದಲ್ಲ, ನಾನು ಲೋಟದಲ್ಲಿ ಅಳೆದು ಬಳಸುವ ಅದೇ ನೀರು, ಎಂದು ಎಣಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಆದರೆ ಆ ಪೈಪುಗಳಿಂದ ರಸ್ತೆ ಕುರುಡಾಯಿತು. ಪೈಪಿನ ಸಾಲಿನ ನಡುವೆ ಗೇಟಿನ ಎದುರು ಒಂದು ಸಂದು ಬಿಟ್ಟಿದ್ದರು. ಅದರಿಂದ ಹೊರಗೆ ಬರುವವರೆಗೂ ನಮಗೆ ಲಾರಿ ಕಾಣದು, ಲಾರಿಯವನಿಗೆ ನಾವು ಕಾಣೆವು. ಅಷ್ಟರಲ್ಲಿ ಡಂಪರ್‌ಗಳು ಕಡಿಮೆಯಾಗಿ ಕಾಂಕ್ರೀಟಿನ ಮಿಕ್ಸರ್ ಲಾರಿಗಳು ಬರತೊಡಗಿದ್ದವು. ಬೆನ್ನ ಮೇಲೆ ಹಂಡೆಯಂಥದ್ದು ತಿರುಗುತ್ತಲೇ ಇರುತ್ತದೆ, ತುಂಬಿಕೊಂಡು ಏರುತ್ತವೆ, ಖಾಲಿಯಾಗಿ ಇಳಿಯುತ್ತವೆ. ನಮ್ಮ ಬದಿಯದು ಏರುವ ದಾರಿ.

ಇಲ್ಲಿ ನಮ್ಮ ಊರಿನ ಒಂದು ಅಭ್ಯಾಸ ಹೇಳಬೇಕು. ಉಡುಪಿ ಕಡೆಯ ಸರ್ವಿಸ್ ಬಸ್ಸುಗಳಿಗೆ ನಿಲ್ದಾಣ ಎಂಬುದು ಹೆಸರಿಗೆ ಮಾತ್ರ. ಮನೆಯ ದಣಪೆ ದಾಟಿ ರಸ್ತೆಗೆ ಬಂದು ಕೈ ಅಡ್ಡ ಹಿಡಿದರೆ ಆಯಿತು. ಎಷ್ಟೇ ರಭಸದಲ್ಲಿ ಬರುತ್ತಿರಲಿ, ಬಸ್ಸು ನಿಲ್ಲುತ್ತದೆ. ಅತ್ತೆಯ ಇಡೀ ಆಯುಷ್ಯದಲ್ಲಿ ಅವರ ಕೈಗೆ ನಿಲ್ಲದ ಬಸ್ಸಿರಲಿಲ್ಲ. ಅವರ ಲೆಕ್ಕದಲ್ಲಿ ದೊಡ್ಡ ಗಾಡಿ ಎಂದರೆ ಹೆಚ್ಚು ಮರ್ಯಾದೆಯ ಗಾಡಿ. ರಿಕ್ಷಾ, ಬೈಕು ಇವೆಲ್ಲ ನಂಬುವಂಥವಲ್ಲ. ದೊಡ್ಡದಾದರೆ ಕೈ ತೋರಿಸಿದರೆ ಸಾಕು.

ಆ ದಿನ ಅವರು ಹರಿವೆ ಕಟ್ಟು ಹಿಡಿದು ಹೊರಟಾಗ ನಾನು ಕಿಟಕಿಯಲ್ಲಿದ್ದೆ. ಲೋಟಗಳು ನಡುಗತೊಡಗಿದ್ದವು. ಅತ್ತೆ ಪೈಪಿನ ಸಂದಿನಿಂದ ಒಂದು ಹೆಜ್ಜೆ ಹೊರಗಿಟ್ಟು, ಬಲಗೈ ನೆಟ್ಟಗೆ ಮುಂದಕ್ಕೆ ಚಾಚಿ ನಿಂತರು. ತುಂಬಿದ ಮಿಕ್ಸರ್ ಲಾರಿ ಅವರ ಕೈಯಿಂದ ಒಂದು ಮಾರು ದೂರದಲ್ಲಿ ಬುಸ್ಸೆಂದು ನಿಂತಿತು. ನಿಂತದ್ದೇ, ಏರಿನಲ್ಲಿ ತಡೆಯಲಾರದೆ ಹಿಂದಕ್ಕೆ ಜರುಗಿತು. ಹಿಂದೆ ಬರುತ್ತಿದ್ದ ರಿಕ್ಷಾದವರು ಹಾರನ್ ಹೊಡೆಯುತ್ತ ಬದಿಗೆ ಸರಿದರು. ನಮ್ಮ ವಾಚ್‌ಮನ್ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಹಂಡೆಯ ಬಾಯಿಂದ ಕಾಂಕ್ರೀಟು ದಪ್ಪ ಗಂಜಿಯ ಹಾಗೆ ರಸ್ತೆಗೆ ಸುರಿಯಿತು. ಅತ್ತೆ ಮಾತ್ರ ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಆಚೆ ದಾಟಿ ಹೋದರು. ಗೇಟಿನೊಳಗೆ ಹೋಗುವ ಮುಂಚೆ ಒಮ್ಮೆ ತಿರುಗಿ ಲಾರಿಯ ಕಡೆ ನೋಡಿದರು, ನಿಲ್ಲಿಸಿದ್ದಕ್ಕೆ ಉಪಕಾರ ಎನ್ನುವ ಹಾಗೆ.

ನಾನು ಕೆಳಗಿಳಿದು ಹೋದಾಗ ಡ್ರೈವರ್ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದ. ಉತ್ತರದ ಕಡೆಯವನು, ನನ್ನದೇ ವಯಸ್ಸಿನವನು. ಬೈಯುತ್ತಾನೆ ಎಂದು ಎಣಿಸಿದ್ದೆ. ಅವನು ನೀರು ಕೇಳಿದ. ನಾನು ತಂದುಕೊಟ್ಟ ತಂಬಿಗೆ ಖಾಲಿ ಮಾಡಿ, ಅತ್ತೆ ಹೋದ ದಿಕ್ಕಿಗೆ ನೋಡುತ್ತ ಮೆಲ್ಲಗೆ, ಎದುರಿಗೆ ಇಲ್ಲದ ಅವರಿಗೇ ಎಂಬಂತೆ ಹೇಳಿದ.

"ಮಾಜೀ, ಯೇ ಬಸ್ ನಹೀ ಹೈ."

ಸಂಜೆಯಾಗುವುದರೊಳಗೆ ವಾಚ್‌ಮನ್ ಬಾಯಿಂದ ಸುದ್ದಿ ನಮ್ಮವರಿಗೆ ಮುಟ್ಟಿತ್ತು. ಬೇಲಾಪುರದ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮುಂಚೆಯೇ ತಾಯಿಗೆ ಹೇಳಿದರು, ನಾಳೆಯಿಂದ ಆಚೆ ಹೋಗುವುದು ಬೇಡ, ಆದಿತ್ಯವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು. ಅತ್ತೆ, ಮಗ ಸ್ನಾನಕ್ಕೆ ಹೋದ ಮೇಲೆ ನನ್ನೊಡನೆ, "ಅಷ್ಟು ದೊಡ್ಡದು. ಆದರೂ ನಿಂತಿತು ನೋಡು," ಅಂದರು. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ದೇವಸ್ಥಾನದಿಂದ ಬಂದವರ ದನಿ ಅದು.

ಆದಿತ್ಯವಾರದ ಕಾರಿನ ಪ್ರಯಾಣವೇ ಒಂದು ಕತೆ. ರಸ್ತೆಯ ನಡುವಿನ ತಿರುವನ್ನು ಕೆಲಸಕ್ಕಾಗಿ ಮುಚ್ಚಿದ್ದರಿಂದ ಎದುರಿನ ಕಟ್ಟಡಕ್ಕೆ ಹೋಗಲು ಸ್ಟೇಷನ್ ಕಡೆಯ ಸರ್ಕಲ್‌ವರೆಗೆ ಇಳಿದು, ಮತ್ತೆ ಸುತ್ತಿ ಹಿಂದಿನ ದಾರಿಯಿಂದ ಬರಬೇಕು. ಕಣ್ಣಿಗೆ ಕಾಣುವ ಮನೆಗೆ ಹೋಗಲು ಊರೆಲ್ಲ ತಿರುಗಿಸುತ್ತಾನೆ ಎಂದು ಅತ್ತೆ ಗೊಣಗುತ್ತಿದ್ದರು. ಉಳಿದ ದಿನ ಫೋನು. ಅದೂ ಎರಡು ವಾರದೊಳಗೆ ಸಪ್ಪೆಯಾಯಿತು. "ಫೋನಿನಲ್ಲಿ ಕೊತ್ತಂಬರಿ ಸೋಸಲಿಕ್ಕೆ ಆಗುತ್ತದಾ?" ಎಂದು ಕೇಳಿ ಅತ್ತೆ ಅದನ್ನು ಕೆಳಗಿಟ್ಟರು. ಆಮೇಲೆ ಬೆಳಿಗ್ಗೆ ಸೊಪ್ಪು ಹಿಡಿದು ನನ್ನ ಕಿಟಕಿಯ ಬಳಿ ಕುರ್ಚಿ ಹಾಕಿ ಕೂರತೊಡಗಿದರು. ಅಲ್ಲಿಂದ ಅಕ್ಕನ ಬಾಲ್ಕನಿಯ ಮೂಲೆ ಮಾತ್ರ ಕಾಣುತ್ತಿತ್ತು. ಒಣಹಾಕಿದ ಸೀರೆಯಿಂದ ಅಕ್ಕ ಇವತ್ತು ಯಾವುದು ಉಟ್ಟಿಲ್ಲ ಎಂದು ಹೇಳುತ್ತಿದ್ದರು.

ಅದೇ ಸುಮಾರಿಗೆ ಪೈಪಿನ ಸಂದಿನ ಹತ್ತಿರ ಒಬ್ಬ ಹೆಂಗಸು ಕಾಣಿಸಿಕೊಂಡಳು. ತಲೆಗೆ ಹಳದಿ ಟೊಪ್ಪಿ, ಇಳಕಲ್ ಸೀರೆಯ ಮೇಲೆ ಹೊಳೆಯುವ ಪಟ್ಟಿಯ ಜಾಕೀಟು, ಕೊರಳಲ್ಲಿ ಸೀಟಿ, ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಹಸಿರು. ನಾನು ತರಕಾರಿ ತರಲು ಹೋದಾಗ ಅವಳು ಬಾವುಟ ಲೆಕ್ಕಿಸದೆ ನುಗ್ಗಿದ ರಿಕ್ಷಾದವನಿಗೆ, "ಏ ಮೂಳಾ, ಕೆಂಪಂದು ಕಾಣಸಂಗಿಲ್ಲೇನ ನಿನಗ?" ಎಂದಳು. ರಿಕ್ಷಾದವನಿಗೆ ಅರ್ಥವಾಗಲಿಲ್ಲ, ಆದರೆ ನಿಂತ. ನನಗೆ ಅರ್ಥವಾಯಿತು, ನಾನೂ ನಿಂತೆ. ಕನ್ನಡದವಳಾ ಎಂದು ಕೇಳಿದೆ. ಇಂಡಿ ಕಡೆಯವಳಂತೆ; ಗಂಡ ಗುಡ್ಡದ ಮೇಲೆ ಕಬ್ಬಿಣದ ಸಲಾಕೆ ಕಟ್ಟುವ ಕೆಲಸದಲ್ಲಿದ್ದ. ನನ್ನ ಮನೆ ಯಾವುದೆಂದು ತಿಳಿದದ್ದೇ ಅವಳ ಮುಖ ಅರಳಿತು.

"ಕೈ ಮಾಡಿ ಮಿಕ್ಸರ್ ನಿಲ್ಲಿಸಿದ ಅಜ್ಜಿ ನಿಮ್ಮ ಮನ್ಯಾಗ ಇರೂದೇನ್ರಿ? ಆಕಿ ಸಲುವಾಗೇ ನನಗ ಈ ಕೆಲಸ ಸಿಕ್ಕೇತ್ರಿ ಅಕ್ಕಾರ. ಇಲ್ಲಾಂದ್ರ ಗುಡ್ಡದ ಮ್ಯಾಲೆ ಕಡಿಕಲ್ಲ ಹೊರೂದಿತ್ತು."

ಡ್ರೈವರುಗಳೆಲ್ಲ ಈ ಸಂದಿನ ಹತ್ತಿರ ಬಂದಾಗ ಅಜ್ಜಿ ಇದ್ದಾಳೇನೋ ಎಂದು ನಿಧಾನ ಮಾಡುತ್ತಾರಂತೆ. ಅವಳು ನನಗೆ ಕ್ರಮ ಹೇಳಿದಳು: ತುಂಬಿ ಏರುವುದನ್ನು ನಿಲ್ಲಿಸುವ ಹಾಗಿಲ್ಲ, ಅವುಗಳ ನಡುವೆ ಬಿಡುವು ನೋಡಿ ಖಾಲಿ ಇಳಿಯುವುದನ್ನು ತಡೆದು ಜನರನ್ನು ದಾಟಿಸುತ್ತೇನೆ ಎಂದು. "ಅಜ್ಜಿಗೆ ಹೇಳ್ರಿ, ಕೈ ತನ್ನ ಹಂತ್ಯಾಕ ಇಟ್ಕೋಬೇಕು. ಬಾವುಟ ನಂದು."

ಇದನ್ನೆಲ್ಲ ನಾನು ಊಟದ ಹೊತ್ತಿಗೆ ನಮ್ಮವರ ಕಿವಿಗೆ ಹಾಕಿದೆ. ಅವರು ಒಂದು ಬೆಳಿಗ್ಗೆ ಆಫೀಸಿಗೆ ತಡವಾದರೂ ಪರವಾಗಿಲ್ಲ ಎಂದು ಗೇಟಿನ ಬಳಿ ನಿಂತು ನೋಡಿದರು. ಆ ಹೆಂಗಸು ಕೆಂಪು ಬಾವುಟ ಎತ್ತಿದಾಗ ಮೇಲಿಂದ ಇಳಿಯುತ್ತಿದ್ದ ಲಾರಿಗಳ ಸಾಲು ಒಂದರ ಹಿಂದೆ ಒಂದು ನಿಂತುಬಿಟ್ಟದ್ದನ್ನು, ಅದರ ನಡುವೆ ಹಾಲಿನವನೂ ಕಾಲೇಜಿನ ಹುಡುಗಿಯರೂ ಮಾತಾಡಿಕೊಂಡು ದಾಟಿದ್ದನ್ನು ನೋಡಿ ಬಂದು, "ಅವಳು ಇದ್ದಾಗ ಮಾತ್ರ," ಎಂದರು. ಅಷ್ಟೇ ಸಾಕಾಗಿತ್ತು.

ಮಾರನೆಯ ದಿನದಿಂದ ಅತ್ತೆ ಮತ್ತೆ ಹೊರಟರು. ಆದರೆ ಅಷ್ಟು ವರ್ಷದ ಕೈ ಹೇಳಿದ ಮಾತು ಕೇಳಬೇಕಲ್ಲ. ಲಾರಿಯ ಸದ್ದಾದ ಕೂಡಲೇ ತಾನಾಗಿ ಏಳುತ್ತಿತ್ತು. ಕಿಟಕಿಯಿಂದ ಮಗಳು, "ಅಜ್ಜೀ, ಹಾಥ್ ನೀಚೇ," ಎಂದು ಕೂಗುವುದು. ಕೊನೆಗೆ ಅತ್ತೆ ಒಂದು ಉಪಾಯ ಮಾಡಿದರು. ಸೊಪ್ಪಿನ ಚೀಲವನ್ನು ಹೆಗಲಿಗೆ ಹಾಕಿ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ದಾಟುತ್ತಿದ್ದರು, ಜಾತ್ರೆಯಲ್ಲಿ ತುಂಟ ಮಗುವನ್ನು ಹಿಡಿದುಕೊಂಡು ಹೋಗುವ ಹಾಗೆ. ಬಾವುಟದವಳು ಅದನ್ನು ನೋಡಿ ನಗುತ್ತಿದ್ದಳು. ಅವಳ ಕನ್ನಡ ಅತ್ತೆಗೆ ಅರ್ಧ, ಅತ್ತೆಯದು ಅವಳಿಗೆ ಅರ್ಧ. ಆದರೂ ಇಬ್ಬರೂ ನಿಂತು ಮಾತಾಡುವುದಕ್ಕೆ ಕಡಿಮೆ ಇರಲಿಲ್ಲ.

ಹೀಗೆ ನಡೆಯುತ್ತಿರುವಾಗ ದೊಡ್ಡತ್ತೆ ಮೊಣಕಾಲಿನ ಆಪರೇಷನ್‌ಗೆ ಒಪ್ಪಿಕೊಂಡರು. ಒಪ್ಪಿಸಿದ್ದು ನನ್ನ ಅತ್ತೆಯೇ, ತಿಂಗಳುಗಟ್ಟಲೆ ಸೊಪ್ಪು ಸೋಸುತ್ತ. ಠಾಣೆಯ ಆಸ್ಪತ್ರೆಯಲ್ಲಿ ದಿನ ಸಿಕ್ಕಿತು, ಮಧ್ಯಾಹ್ನ ಹೋಗಿ ಸೇರಬೇಕು. ದೊಡ್ಡತ್ತೆಗೆ ಒಳಗೊಳಗೆ ಜೀವಭಯ. ಬೆಳಿಗ್ಗೆ ನೀನು ಬಂದು ಹೋದ ಮೇಲೆಯೇ ಹೊರಡುತ್ತೇನೆ, ನಿನ್ನ ಮುಖ ನೋಡದೆ ಕಾರು ಹತ್ತುವುದಿಲ್ಲ ಎಂದು ತಂಗಿಗೆ ಹೇಳಿಬಿಟ್ಟಿದ್ದರು. ಅವರ ಹಟ ಗೊತ್ತಿದ್ದ ನಮಗೆ ಅದು ಬರೀ ಮಾತಲ್ಲ ಎಂಬುದೂ ಗೊತ್ತಿತ್ತು.

ಆ ಬೆಳಿಗ್ಗೆ ಎದ್ದಾಗ ನನ್ನ ಲೋಟಗಳು ನಡುಗುತ್ತಲೇ ಇದ್ದವು. ಒಂದು ನಡುಕ ನಿಲ್ಲುವ ಮುಂಚೆ ಇನ್ನೊಂದು. ಕಿಟಕಿಗೆ ಹೋದರೆ ಕೆಳಗಿನ ಸರ್ಕಲ್‌ನಿಂದ ಗುಡ್ಡದ ತಿರುವಿನವರೆಗೆ ಮಿಕ್ಸರ್ ಲಾರಿಗಳು. ಬೇರೆ ಒಂದು ಗಾಡಿ ಇಲ್ಲ. ರಸ್ತೆಯನ್ನು ಉಳಿದವರಿಗೆಲ್ಲ ಮುಚ್ಚಿದ್ದರು. ಮಂಜಿನಲ್ಲಿ ಎಲ್ಲದರ ದೀಪ ಉರಿಯುತ್ತಿತ್ತು, ಎಲ್ಲದರ ಬೆನ್ನ ಹಂಡೆ ತಿರುಗುತ್ತಿತ್ತು. ಗುಡ್ಡವೇ ಕರೆದಿದೆ, ಇವು ಹೊರಟಿವೆ ಎನ್ನುವ ಹಾಗೆ ಒಂದೇ ಗತಿಯಲ್ಲಿ ಏರುತ್ತಿದ್ದವು. ನಾನು ಹಾಲು ಉಕ್ಕಿದ್ದನ್ನೂ ನೋಡಲಿಲ್ಲ.

ಅತ್ತೆಯನ್ನು ಕರೆದುಕೊಂಡು ಕೆಳಗೆ ಹೋದೆ. ಬಾವುಟದವಳು ನಮ್ಮನ್ನು ದೂರದಿಂದಲೇ ನೋಡಿ ತಲೆಯಾಡಿಸಿದಳು.

"ಇವತ್ತ ಯಾರ ಬಂದ್ರೂ ದಾಟಸಂಗಿಲ್ರೀ ಅಕ್ಕಾರ. ಮ್ಯಾಲೆ ಜಲಾಶಯದ ಸ್ಲ್ಯಾಬ್ ಹಾಕಾಕತ್ತಾರ. ನಡಬರಕ ತಡದ್ರ ಅಲ್ಲೇ ಬಿರುಕ ಬೀಳ್ತದ, ನಾಳೆ ಅಲ್ಲೇ ನೀರ ಸೋರ್ತದ. ಸಂಜೀಮಟ ಹಿಂಗ."

ನಾನು ಆಪರೇಷನ್ ವಿಷಯ ಹೇಳಿದೆ. ಅವಳ ಮುಖ ಸಣ್ಣದಾಯಿತು; ಏರುವ ಸಾಲನ್ನು ನೋಡಿದಳು, ಇಳಿಯುವ ಸಾಲನ್ನು ನೋಡಿದಳು, ಮತ್ತೆ ತಲೆಯಾಡಿಸಿದಳು. ಕೆಳಗೆ ಸರ್ಕಲ್‌ವರೆಗೆ ನಡೆಸೋಣವೆಂದರೆ ಅತ್ತೆಗೆ ಅಷ್ಟು ಶಕ್ತಿ ಇಲ್ಲ, ಅಲ್ಲಿಯೂ ಇವೇ ಲಾರಿಗಳು. ನಮ್ಮ ಕಾರು ಗೇಟು ದಾಟುವ ಹಾಗಿಲ್ಲ. ಅತ್ತೆ ನನ್ನ ಮುಖವನ್ನೂ ನೋಡಲಿಲ್ಲ. ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ಪೈಪಿನ ಸಂದಿನಲ್ಲಿ ಹಾಕಿ ಕೂತರು. ಎಡಗೈ ಬಲಗೈಯನ್ನು ಹಿಡಿದೇ ಇತ್ತು.

ನಾನು ಆಚೆ ಮನೆಗೆ ಫೋನ್ ಮಾಡಿ ಸಂಗತಿ ತಿಳಿಸಿದೆ. ದೊಡ್ಡತ್ತೆಯ ಸೊಸೆ, ಇವರು ಹೊರಡುವುದಿಲ್ಲ ಅನ್ನುತ್ತಿದ್ದಾರೆ, ಉಟ್ಟ ಸೀರೆ ಬಿಚ್ಚಿ ಮಡಚಲು ಹೊರಟಿದ್ದಾರೆ ಎಂದು ಅಳುವ ದನಿಯಲ್ಲಿ ಹೇಳಿದಳು. ಅವರ ಕಾರಿಗೇನೋ ಕಟ್ಟಡದ ಹಿಂದಿನ ದಾರಿ ತೆರೆದಿತ್ತು. ತೆರೆಯದೇ ಇದ್ದದ್ದು ಮನಸ್ಸು. ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಅಕ್ಕ, ನಾನು ರಸ್ತೆಯಲ್ಲಿ ಕೂತಿದ್ದೇನೆ. ನನ್ನ ಮುಖ ನೋಡಬೇಕಾದರೆ ಇಳಿದು ಬಾ."

ವರ್ಷಗಳಿಂದ ಕೆಳಗೆ ಇಳಿಯದವರಿಗೆ ಹೇಳಿದ ಮಾತು ಅದು. ಲಾರಿಗಳು ಏರುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ಎದುರಿನ ಗೇಟು ತೆರೆಯಿತು. ಒಂದು ಲಾರಿ ಹೋಯಿತು, ಆಚೆ ಬದಿಯ ಸಂದಿನಲ್ಲಿ ದೊಡ್ಡತ್ತೆಯ ಮಗ ಕುರ್ಚಿ ಇಡುತ್ತಿದ್ದ. ಇನ್ನೊಂದು ಹೋಯಿತು, ಸೊಸೆಯ ತೋಳು ಹಿಡಿದು ದೊಡ್ಡತ್ತೆ ನಿಂತಿದ್ದರು. ಮತ್ತೊಂದು ಹೋಯಿತು, ಅವರು ಕೂತಿದ್ದರು, ತಲೆಯಲ್ಲಿ ಅಬ್ಬಲಿಗೆ ಹೂ.

ರಸ್ತೆಯ ಎರಡು ಬದಿಗೆ ಎರಡು ಕುರ್ಚಿ, ನಡುವೆ ಒಂದು ಊರಿನ ನೀರಿಗೆ ಬೇಕಾದ ಕಾಂಕ್ರೀಟು ಹರಿದು ಹೋಗುತ್ತಿತ್ತು. ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ ಒಬ್ಬರಿಗೊಬ್ಬರು ಕಾಣುವರು, ಮರೆಯಾಗುವರು, ಮತ್ತೆ ಕಾಣುವರು. ಮಾತು ಕೇಳುವ ಪ್ರಶ್ನೆಯೇ ಇರಲಿಲ್ಲ. ಆಗ ಅತ್ತೆಯ ಎಡಗೈ ಸಡಿಲವಾಯಿತು. ಬಲಗೈ ಎದ್ದಿತು, ನೆಟ್ಟಗೆ, ಅಂಗೈ ಮುಂದಾಗಿ.

ಬಾವುಟದವಳು ಸೀಟಿಯನ್ನು ಬಾಯಿಗೆ ಇಟ್ಟವಳು ಊದದೆ ಹಾಗೇ ನಿಂತಳು. ಏರುತ್ತಿದ್ದ ಲಾರಿ ನಿಲ್ಲಲಿಲ್ಲ. ಒಳಗಿದ್ದ ಡ್ರೈವರ್ ಅಜ್ಜಿಯನ್ನು ನೋಡಿ, ಕಿಟಕಿಯಿಂದ ತನ್ನ ಕೈ ಹೊರಗೆ ಹಾಕಿ ಎತ್ತಿದ. ಅದರ ಹಿಂದಿನವನೂ ಎತ್ತಿದ. ಅದರ ಹಿಂದಿನವನೂ. ಅಂದು ನೀರು ಕೇಳಿದ್ದವನು ಅವರಲ್ಲಿದ್ದನೋ ಏನೋ ನನಗೆ ಗೊತ್ತಾಗಲಿಲ್ಲ. ತಮಗೇ ಕೈ ತೋರಿಸುತ್ತಿದ್ದಾಳೆಂದು ಅವರೆಲ್ಲ ಎಣಿಸಿದರು. ಅತ್ತೆ ತೋರಿಸಿದ್ದು ಆಚೆ ಕೂತ ಅಕ್ಕನಿಗೆ. ಬೆಟ್ಟದಂಥ ಲಾರಿಗಳು ಒಂದೊಂದಾಗಿ ಕೈಯೆತ್ತಿ ಹಾದುಹೋಗುವ ಆ ಸಾಲಿನ ಸಂದಿಯಲ್ಲಿ, ಆಚೆ ಬದಿಯಲ್ಲಿ, ದೊಡ್ಡತ್ತೆಯ ಕೈಯೂ ಎದ್ದದ್ದು ಕಂಡಿತು. ಅವರು ನಗುತ್ತಿದ್ದರು. ಹಾಗೆ ನಗುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತರೋ. ಬಿಸಿಲೇರಿತು. ಬಾವುಟದವಳು ತನ್ನ ಬಾಟಲಿಯ ನೀರನ್ನು ಅತ್ತೆಗೆ ಕೊಟ್ಟಳು. ಒಂದು ಲಾರಿ ಹೋದ ಮೇಲೆ ನೋಡಿದರೆ ಆಚೆಯ ಕುರ್ಚಿ ಖಾಲಿ. ಹೊರಟೆವು ಎಂದು ಫೋನ್ ಬಂದದ್ದು ಆಮೇಲೆ. ಅತ್ತೆ ಎದ್ದು, ಕುರ್ಚಿಯನ್ನು ವಾಚ್‌ಮನ್‌ನ ಜಾಗದಲ್ಲಿಟ್ಟು, ಮನೆಗೆ ಬಂದು ಬಟಾಟೆ ಹೆಚ್ಚಿದರು. ನನಗೇ ಕೆಲಸಕ್ಕೆ ಕೈ ಬರಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಜಲಾಶಯವೂ ಮುಗಿಯಿತು. ಪೈಪುಗಳು ಮಣ್ಣಿನೊಳಗೆ ಹೋದವು, ಬಾವುಟದವಳು ಕಲ್ಯಾಣದ ಕಡೆ ಇನ್ನೊಂದು ಕೆಲಸಕ್ಕೆ ಹೋದಳು. ಹೋಗುವ ಮುಂಚೆ ಬಂದು ಅತ್ತೆಯ ಕಾಲಿಗೆ ನಮಸ್ಕರಿಸಿ, ಕೈ ಹಂತ್ಯಾಕ ಇಟ್ಕೋ ಬೇ ಅಜ್ಜಿ ಎಂದು ಹೇಳಿ ಹೋಗಿದ್ದಳು. ನಲ್ಲಿಯಲ್ಲಿ ನೀರು ತಾನಾಗಿ ಬರತೊಡಗಿತು. ಹಲವು ದಿನ ನಾನು ಸುಮ್ಮನೆ ತಿರುಗಿಸಿ ನೋಡಿ ನಿಲ್ಲಿಸುತ್ತಿದ್ದೆ. ರಸ್ತೆಗೆ ಹೊಸ ಡಾಂಬರು ಬಿತ್ತು, ತಟ್ಟೆಯ ಹಾಗಾಯಿತು. ಲಾರಿಗಳಿದ್ದಾಗ ಹೆದರಿ ನಿಧಾನ ಹೋಗುತ್ತಿದ್ದ ಕಾರುಗಳು ಈಗ ಬಾಣದ ಹಾಗೆ ಹೋಗತೊಡಗಿದವು. ನನ್ನ ಲೋಟಗಳಿಗೆ ಇವುಗಳ ಸುದ್ದಿಯೇ ಸಿಗುತ್ತಿರಲಿಲ್ಲ. ಜೀಬ್ರಾ ಪಟ್ಟಿ ಬರೆದಿದ್ದರು, ಯಾರೂ ನಿಲ್ಲುತ್ತಿರಲಿಲ್ಲ. ನಮ್ಮವರು ಮತ್ತೆ ಬೇಡ ಎನ್ನತೊಡಗಿದರು.

ಅಂಥ ಒಂದು ಬೆಳಿಗ್ಗೆ ಫೋನ್ ಬಂತು: ದೊಡ್ಡತ್ತೆ ಕೋಲು ಹಿಡಿದು ಕೆಳಗಿಳಿದಿದ್ದಾರೆ, ಇವತ್ತು ತಾನೇ ತಂಗಿಯ ಮನೆಗೆ ಬರುವುದಂತೆ. ನಾನೂ ಅತ್ತೆಯೂ ಓಡಿದ ಹಾಗೆ ಗೇಟಿಗೆ ಹೋದೆವು. ಆಚೆ ಬದಿಯಲ್ಲಿ ದೊಡ್ಡತ್ತೆ ಹೊಸ ಮೊಣಕಾಲಿನ ಮೇಲೆ ನಿಂತಿದ್ದರು, ಪಕ್ಕದಲ್ಲಿ ಸೊಸೆ. ಕಾರುಗಳು ಬಿಡುವೇ ಕೊಡುತ್ತಿರಲಿಲ್ಲ. ದೊಡ್ಡತ್ತೆ ಒಂದು ಹೆಜ್ಜೆ ಇಟ್ಟು ಹಿಂದೆ ಸರಿದರು. ಮತ್ತೊಮ್ಮೆ ಇಟ್ಟು ಮತ್ತೆ ಸರಿದರು. ಅವರ ಮುಖದಲ್ಲಿ ಹಳೆಯ ಹೆದರಿಕೆ ಬರುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಈಗ ಮನೆಗೆ ತಿರುಗಿದರೆ ಇನ್ನು ಇಳಿಯುವವರಲ್ಲ.

ಕೆಳಗಿನಿಂದ ಕೆಂಪು ಬಸ್ಸೊಂದು ಬರುತ್ತಿತ್ತು, ಹೊಸ ರಸ್ತೆಯಲ್ಲಿ ಹೊಸದಾಗಿ ಶುರುವಾದದ್ದು. ಅಲ್ಲಿ ಅದಕ್ಕೆ ನಿಲ್ದಾಣವಿಲ್ಲ. ಅತ್ತೆ ಫುಟ್‌ಪಾತಿನ ಅಂಚಿನಲ್ಲಿ ನಿಂತೇ ಕೈ ಅಡ್ಡ ಹಿಡಿದರು. ಆಚೆ ಬದಿಯಲ್ಲಿ ದೊಡ್ಡತ್ತೆಯೂ ಇಳಿಯುವ ಗಾಡಿಗಳಿಗೆ ಕೈ ಅಡ್ಡ ಹಿಡಿದರು. ಎಷ್ಟೆಂದರೂ ಒಂದೇ ಊರಿನ ಕೈ. ಬಸ್ಸು ಪಟ್ಟಿಯ ಮುಂದೆ ನಿಂತಿತು. ಅದು ನಿಂತದ್ದನ್ನು ನೋಡಿ ಆಚೆಯ ಕಾರುಗಳೂ ಒಂದೊಂದಾಗಿ ನಿಂತವು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ.

"ಕುಠೇ ಜಾಯಚಂ, ಆಜೀ?"

"ನಾನು ಎಲ್ಲಿಗೂ ಇಲ್ಲ ಮಗಾ," ಅತ್ತೆ ಕೈ ಇಳಿಸದೆ ಕನ್ನಡದಲ್ಲೇ ಹೇಳಿದರು. "ನನ್ನ ಅಕ್ಕ ಬರುತ್ತಿದ್ದಾಳೆ."

ಅವನಿಗೆ ಏನು ತಿಳಿಯಿತೋ, ರಸ್ತೆಯ ಕಡೆ ನೋಡಿದ. ಕೋಲು ಮುಂದೆ ಊರಿ, ಒಂದು ಕಾಲು, ಮತ್ತೊಂದು ಕಾಲು, ದೊಡ್ಡತ್ತೆ ಬರುತ್ತಿದ್ದರು. ಅವನು ಗಂಟೆ ಹೊಡೆಯಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ತುಂಬಿದ ಮುಖಗಳೆಲ್ಲ ಅವರನ್ನೇ ನೋಡುತ್ತಿದ್ದವು, ಯಾರೂ ಅವಸರ ಮಾಡಲಿಲ್ಲ. ದೊಡ್ಡತ್ತೆ ಈಚೆಯ ಅಂಚಿಗೆ ಬಂದು, ಅತ್ತೆ ಅವರ ಮೊಣಕೈ ಹಿಡಿದ ಮೇಲೆಯೇ ಬಸ್ಸು ಹೊರಟದ್ದು.